ಪ್ರಾಚೀನ ಸ್ಮಾರಕಗಳ ಪ್ರತಿರೂಪರಚನೆಯಲ್ಲಿ ಸಾಮಾನ್ಯರ ಪಾತ್ರ: ಹಾಸನ ಸೀಮೆಯನ್ನು ಕುರಿತ ಒಂದು ವಿವೇಚನೆ

೧. ಪ್ರಸ್ತಾವನೆ

ಗತಕಾಲದ ಕಟ್ಟಡವನ್ನಾಗಲಿ ಶಿಲ್ಪವನ್ನಾಗಲಿ ಅದಿರುವ ಊರಿಗೆ ಹೋಗಲಾರದವರ ಕಣ್ಣಮುಂದೆ ತಂದು ನಿಲ್ಲಿಸಬೇಕೆಂಬ ಆಸೆ ಇತಿಹಾಸಕಾರರಲ್ಲಿ ಬಹುಕಾಲದಿಂದ ಇದೆ. ಈ ಆಸೆಯನ್ನು ಈಡೇರಿಸುವ ಎರಡು ವಿಧಾನಗಳು ಈಚಿನ ವರ್ಷಗಳಲ್ಲಿ ಪ್ರಚಾರಕ್ಕೆ ಬಂದಿವೆ. ವರ್ಚುವಲ್ ರಿಯಾಲಿಟಿ ಎಂಬ ಮೊದಲನೆಯದು, ಕಣ್ಣಿಗೆ ಧರಿಸಿದ ಉಪಕರಣದ ಮೂಲಕ ನೋಡುಗನನ್ನು ಬೇರೊಂದು ಸ್ಥಳದ ನಡುವೆ ನಿಲ್ಲಿಸುತ್ತದೆ. ಅವನು ತಲೆ ತಿರುಗಿಸಿದತ್ತ ಆ ಸ್ಥಳದ ದೃಶ್ಯವೇ ಕಾಣುತ್ತದೆ. ಆಗ್ಮೆಂಟೆಡ್ ರಿಯಾಲಿಟಿ ಎಂಬ ಎರಡನೆಯದು, ನೋಡುಗನು ನಿಂತ ಜಾಗವನ್ನು ಹಾಗೆಯೇ ಉಳಿಸಿಕೊಂಡು, ಫೋನಿನ ತೆರೆಯ ಮೇಲೆ ಅಲ್ಲಿ ಇಲ್ಲದ ವಸ್ತುವೊಂದನ್ನು ಸೇರಿಸಿ ತೋರಿಸುತ್ತದೆ. ಮೊದಲನೆಯದರಿಂದ ಹಾಸನದ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯು ಹಂಪೆಯ ವಿಠಲ ದೇವಾಲಯದ ಅಂಗಳದಲ್ಲಿ ಸುತ್ತಾಡಬಹುದು. ಎರಡನೆಯದರಿಂದ ಹಳೇಬೀಡಿನ ಅಂಗಳದಲ್ಲಿ ನಿಂತವನು ಈಗ ಉಳಿದಿಲ್ಲದ ಶಿಖರವನ್ನು ಗುಡಿಯ ನೆತ್ತಿಯ ಮೇಲೆ ಕಾಣಬಹುದು.

ಇಂಥ ದೃಶ್ಯಗಳನ್ನು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅವುಗಳನ್ನು ರಚಿಸುವ ಕಾರ್ಯವು ಎಂಜಿನಿಯರುಗಳಿಗೂ ದೊಡ್ಡ ಸಂಸ್ಥೆಗಳಿಗೂ ಮೀಸಲೆಂಬ ಭಾವನೆ ಬಹುಮಂದಿಯಲ್ಲಿದೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂಥ ಹೋಬಳಿಯ ಒಬ್ಬ ಅಧ್ಯಾಪಕನೋ ಒಬ್ಬ ಬಿ. ಎ. ವಿದ್ಯಾರ್ಥಿಯೋ ಈ ಕಾರ್ಯವನ್ನು ಕೈಗೊಳ್ಳಬಹುದೆ? ಕೈಗೊಂಡರೆ ಅವನ ಕೃತಿಯನ್ನು ಇತಿಹಾಸದ ಆಧಾರವೆಂದು ಅಂಗೀಕರಿಸಬಹುದೆ? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಪ್ರತಿರೂಪಗಳ ಪೂರ್ವೇತಿಹಾಸ

ಪ್ರತಿರೂಪರಚನೆಯ ಇತಿಹಾಸದಲ್ಲಿ ಹಾಸನ ಸೀಮೆಗೆ ಗಣನೀಯವಾದ ಸ್ಥಾನವಿದೆ. ಛಾಯಾಗ್ರಹಣವು ಭಾರತಕ್ಕೆ ಬಂದು ಹೆಚ್ಚು ಕಾಲವಾಗಿರದಿದ್ದ ೧೮೫೪ರಲ್ಲಿಯೇ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಎರಡು ವರ್ಷಗಳ ತರುವಾಯ ರಿಚರ್ಡ್ ಬ್ಯಾನರ್ ಓಕ್ಲಿಯು ಹಳೇಬೀಡಿನ ಚಿತ್ರಗಳನ್ನು ತೆಗೆದು, ೧೮೫೯ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಇದೇ ಅವಧಿಯಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯಲ್ಲಿ ಕಾಗದದ ನೆಗೆಟಿವುಗಳ ಮೇಲೆ ಚಿತ್ರಗಳನ್ನು ತೆಗೆದನು. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಸ್ಥಾನಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನೂರಿಪ್ಪತ್ತೇಳು ವರ್ಷಗಳಲ್ಲಿ ಬಿದ್ದುದೇನು, ಉಳಿದುದೇನು ಎಂಬುದು ಸ್ಪಷ್ಟವಾಗುತ್ತದೆ. ಚಿತ್ರ ತೆಗೆದವನು ಊಹಿಸದೆ ಇದ್ದ ಪ್ರಯೋಜನವೊಂದು ಆ ಚಿತ್ರದಿಂದ ಮುಂದಿನ ಪೀಳಿಗೆಗೆ ದೊರೆಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಶಾಸನಗಳ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳು ಬಿ. ಎಲ್. ರೈಸ್ ಅವರ ೧೮೭೯ರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆಧಾರವಾದವು. ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ರೈಸ್ ಅವರೇ ಮುಂದೆ ಮೈಸೂರು ಪ್ರಾಚ್ಯವಸ್ತು ಸಂಶೋಧನೆಯ ಹೊಣೆ ಹೊತ್ತು, ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ೧೯೦೨ರಲ್ಲಿ ಹೊರತಂದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರು ಸಂಖ್ಯೆಗಳೊಡನೆ ಅದರಲ್ಲಿ ಸೇರಿವೆ. ಅವರ ತರುವಾಯ ಬಂದ ಆರ್. ನರಸಿಂಹಾಚಾರ್ಯರು ದೇವಾಲಯಗಳನ್ನು ಕುರಿತು ಸಚಿತ್ರ ಗ್ರಂಥಗಳನ್ನು ರಚಿಸಿದರು. ೧೯೧೭ರಲ್ಲಿ ಸೋಮನಾಥಪುರ, ೧೯೧೯ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿ, ಹೀಗೆ ಈ ಮಾಲೆಯು ಬೆಳೆಯಿತು.

ಈ ಎಲ್ಲ ಪ್ರಯತ್ನಗಳಲ್ಲಿ ಸಾಮಾನ್ಯರಿಗೆ ಸ್ಥಾನವಿರಲಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಪಡಿಯಚ್ಚಿನ ವಿಧಾನವನ್ನು ನೋಡಿದರೆ ಬೇರೆಯ ಸಂಗತಿ ತಿಳಿದುಬರುತ್ತದೆ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಅದರ ಮೇಲೆ ಹೊದಿಸಿ, ಅಕ್ಷರಗಳ ತಗ್ಗಿನೊಳಕ್ಕೆ ಕಾಗದವು ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಅದು ಆರುತ್ತ ಬಂದಾಗ ಮಸಿಯ ಉಂಡೆಯಿಂದ ಮೇಲೆ ಒತ್ತಿದರೆ ಬರಹವು ಕಪ್ಪು ನೆಲದಲ್ಲಿ ಬಿಳಿಯಾಗಿ ಮೂಡುತ್ತದೆ. ಇದಕ್ಕೆ ಕೈಯ ಹದ ಬೇಕು, ತಾಳ್ಮೆ ಬೇಕು. ಹಳಗನ್ನಡದ ಪಾಂಡಿತ್ಯ ಬೇಕಿಲ್ಲ. ಅಚ್ಚು ತೆಗೆಯುವವನು ಒಬ್ಬ, ಓದುವವನು ಮತ್ತೊಬ್ಬ ಆಗಬಹುದು. ಸಂಗ್ರಹ ಬೇರೆ, ವ್ಯಾಖ್ಯಾನ ಬೇರೆ ಎಂಬ ಈ ವಿಭಾಗವೇ ನಮ್ಮ ಶಾಸನಶಾಸ್ತ್ರವನ್ನು ಬೆಳೆಸಿತು. ಹೊಸ ವಿಧಾನಗಳ ವಿಚಾರದಲ್ಲಿಯೂ ಈ ವಿಭಾಗವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

೩. ಛಾಯಾಚಿತ್ರದಿಂದ ಘನರೂಪಕ್ಕೆ

ಒಂದೇ ವಸ್ತುವನ್ನು ಎರಡು ಸ್ಥಾನಗಳಿಂದ ನೋಡಿದರೆ ಅದರ ದೂರವನ್ನೂ ಆಳವನ್ನೂ ತಿಳಿಯಬಹುದು; ನಮ್ಮ ಎರಡು ಕಣ್ಣುಗಳು ಮಾಡುವ ಕೆಲಸವೇ ಇದು. ಚಾರ್ಲ್ಸ್ ವೀಟ್‌ಸ್ಟನ್ ೧೮೩೮ರಲ್ಲಿ ಈ ತತ್ತ್ವವನ್ನು ಉಪಕರಣವೊಂದರಿಂದ ತೋರಿಸಿಕೊಟ್ಟನು. ೧೮೫೮ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ನಗರದ ಇಗರ್ಜಿಯನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿಯು ಎತ್ತರದಿಂದ ಬೀಳುವುದರಲ್ಲಿದ್ದು ಪಾರಾದನು. ಕಟ್ಟಡವನ್ನು ಹತ್ತದೆ ಛಾಯಾಚಿತ್ರಗಳಿಂದಲೇ ಅಳೆಯಬಹುದಲ್ಲವೆ ಎಂಬ ಆಲೋಚನೆ ಅವನಿಗೆ ಹೊಳೆಯಿತು. ಅದು ಬೆಳೆದು, ೧೮೮೫ರಲ್ಲಿ ಬರ್ಲಿನ್ ನಗರದಲ್ಲಿ ಸ್ಮಾರಕಗಳನ್ನು ಚಿತ್ರಗಳಿಂದ ಅಳೆಯುವ ಸರ್ಕಾರಿ ಸಂಸ್ಥೆಯೊಂದು ಅವನ ನೇತೃತ್ವದಲ್ಲಿ ಸ್ಥಾಪಿತವಾಯಿತು. ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂದು ಹೆಸರು.

ಬಹುಕಾಲ ಈ ವಿದ್ಯೆಗೆ ಬೆಲೆಬಾಳುವ ಕ್ಯಾಮೆರಾಗಳೂ ಪರಿಣತ ಗಣಿತಜ್ಞರೂ ಬೇಕಾಗಿದ್ದರು. ಇಂದು ಸಾಮಾನ್ಯ ಮೊಬೈಲ್ ಫೋನಿನ ಚಿತ್ರಗಳೇ ಸಾಕು. ಗಣಿತದ ಭಾಗವನ್ನು ಕಂಪ್ಯೂಟರು ತಾನೇ ಮಾಡಿಕೊಳ್ಳುತ್ತದೆ. ಮೆಶ್‌ರೂಮ್ ಎಂಬ ತಂತ್ರಾಂಶವು ಹಲವು ಚಿತ್ರಗಳಲ್ಲಿ ಸಮಾನವಾಗಿ ಕಾಣುವ ಬಿಂದುಗಳನ್ನು ಗುರುತಿಸಿ ವಸ್ತುವಿನ ಘನರೂಪವನ್ನು ಕಟ್ಟುತ್ತದೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಆ ರೂಪವನ್ನು ತಿದ್ದಬಹುದು. ೨೦೧೫ರಲ್ಲಿ ಮೊಜಿಲ್ಲಾ ಬಳಗದವರು ಹೊರತಂದ ಎ-ಫ್ರೇಮ್ ಎಂಬುದು, ಕೆಲವೇ ಸಾಲುಗಳ ಬರವಣಿಗೆಯಿಂದ ಅದನ್ನು ವರ್ಚುವಲ್ ರಿಯಾಲಿಟಿಯ ದೃಶ್ಯವಾಗಿ ತೋರಿಸಲು ಅನುವು ಮಾಡಿಕೊಡುತ್ತದೆ. ಈ ಮೂರಕ್ಕೂ ಹಣ ಕೊಡಬೇಕಾಗಿಲ್ಲ. ಹೀಗಿರಲು, ಸಾಮಾನ್ಯನು ಈ ಕಾರ್ಯವನ್ನು ಕೈಗೊಳ್ಳಬಹುದೆ ಎಂಬ ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರವು ನಿಸ್ಸಂದೇಹವಾಗಿ ಅನುಕೂಲವಾಗಿದೆ.

ಆದರೂ ಈ ವಿದ್ಯೆಗೆ ತನ್ನದೇ ಆದ ಕಟ್ಟಳೆಗಳಿವೆ. ವಸ್ತುವಿನ ಸುತ್ತ ನಡೆಯುತ್ತ ಚಿತ್ರಗಳನ್ನು ತೆಗೆಯುವಾಗ, ಪ್ರತಿಯೊಂದು ಚಿತ್ರವೂ ಹಿಂದಿನದರ ಮೂರನೆಯ ಎರಡು ಭಾಗವನ್ನಾದರೂ ಒಳಗೊಂಡಿರಬೇಕು. ಬೆಳಕು ಸಮನಾಗಿರಬೇಕು, ಮೋಡ ಕವಿದ ಹೊತ್ತು ಉತ್ತಮ. ಅಳತೆಗೋಲೊಂದನ್ನು ವಸ್ತುವಿನ ಪಕ್ಕದಲ್ಲಿ ಇಟ್ಟು ಅದೂ ಚಿತ್ರದಲ್ಲಿ ಬರುವಂತೆ ಮಾಡಬೇಕು. ಇಲ್ಲವಾದರೆ ರೂಪವು ದೊರೆತರೂ ಗಾತ್ರವು ದೊರೆಯದು. ಹೊಯ್ಸಳ ಶಿಲ್ಪದ ದಟ್ಟವಾದ ಕೆತ್ತನೆ ಈ ವಿಧಾನಕ್ಕೆ ಬಹಳ ಅನುಕೂಲ, ಏಕೆಂದರೆ ಗುರುತಿಸತಕ್ಕ ಬಿಂದುಗಳು ಅದರಲ್ಲಿ ಹೇರಳವಾಗಿವೆ. ಎಣ್ಣೆಯ ಅಭಿಷೇಕದಿಂದ ಮಿರುಗುವ ವಿಗ್ರಹ, ಕನ್ನಡಿಯಂತೆ ನಯಗೊಳಿಸಿದ ಕಂಬ, ಬೆಳಕು ಸಾಲದ ಗರ್ಭಗೃಹ ಇವು ಪ್ರತಿಕೂಲ.

೪. ಕರ್ನಾಟಕದಲ್ಲಿ ನಡೆದ ಪ್ರಯತ್ನಗಳು

ಕರ್ನಾಟಕದಲ್ಲಿ ಈ ದಿಕ್ಕಿನಲ್ಲಿ ನಡೆದ ಮೂರು ಪ್ರಯತ್ನಗಳನ್ನು ಇಲ್ಲಿ ಹೆಸರಿಸಬಹುದು. ಮೊದಲನೆಯದು ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಅವರು ರಚಿಸಿ ೨೦೦೬ರಲ್ಲಿ ಪ್ರದರ್ಶಿಸಿದ ‘ಪ್ಲೇಸ್-ಹಂಪಿ’. ನೋಡುಗನ ಸುತ್ತಲೂ ವರ್ತುಲವಾಗಿ ನಿಂತ ತೆರೆಯ ಮೇಲೆ ಹಂಪೆಯ ದೃಶ್ಯಗಳು ಆಳದೊಡನೆ ಕಾಣುವ ಈ ಕೃತಿಯು, ೨೦೧೨ರಿಂದ ತೋರಣಗಲ್ಲಿನ ಬಳಿಯ ವಿದ್ಯಾನಗರದ ಕಲಾಧಾಮದಲ್ಲಿ ನೆಲೆಗೊಂಡಿತು. ಎರಡನೆಯದು ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ನಡೆದ ‘ಡಿಜಿಟಲ್ ಹಂಪಿ’ ಯೋಜನೆ; ಇದರ ಫಲಗಳು ೨೦೧೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಹಲವು ತಾಂತ್ರಿಕ ಸಂಸ್ಥೆಗಳೊಡನೆ ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ವಾಂಸರೂ ಇದರಲ್ಲಿ ಭಾಗವಹಿಸಿದರು. ಈ ಎರಡರಲ್ಲಿಯೂ ರಚನೆಯ ಕಾರ್ಯವು ಮುಖ್ಯವಾಗಿ ಪರಿಣತರದೇ ಆಗಿತ್ತು.

ಮೂರನೆಯದು ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದುದು. ೨೦೧೭ರಿಂದ ಬೆಂಗಳೂರಿನ ಕೆಲವು ನಾಗರಿಕರು, ವೃತ್ತಿಯಿಂದ ಇತಿಹಾಸಕಾರರಲ್ಲದವರು, ನಗರದ ಶಾಸನಕಲ್ಲುಗಳನ್ನು ಹುಡುಕಿ ಉಳಿಸುವ ಕಾರ್ಯಕ್ಕೆ ತೊಡಗಿದರು. ಅವರಲ್ಲಿ ಪ್ರಮುಖರಾದ ಪಿ. ಎಲ್. ಉದಯಕುಮಾರ್ ಎಂಜಿನಿಯರಿಂಗ್ ಕ್ಷೇತ್ರದಿಂದ ಬಂದವರು. ೨೦೧೮ರಲ್ಲಿ ಹೆಬ್ಬಾಳದಲ್ಲಿ, ಸುಮಾರು ಕ್ರಿ. ಶ. ೭೫೦ರದೆಂದು ಹೇಳಲಾದ, ಕಿತ್ತಯ್ಯನೆಂಬ ವೀರನ ಹೆಸರುಳ್ಳ ಶಾಸನ ಬೆಳಕಿಗೆ ಬಂದಿತು. ೨೦೨೧ರಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ಘನರೂಪವನ್ನು ಸ್ಕ್ಯಾನರಿನಿಂದ ಸೆರೆಹಿಡಿಯುವ ಯೋಜನೆಯು ಆರಂಭವಾಯಿತು. ಹೀಗೆ ಪಡೆದ ರೂಪದ ಮೇಲೆ ಕಂಪ್ಯೂಟರಿನಲ್ಲಿ ಬೇಕಾದ ದಿಕ್ಕಿನಿಂದ ಬೆಳಕು ಬೀಳಿಸಬಹುದು. ಸವೆದ ಅಕ್ಷರಗಳು ಆಗ ಎದ್ದು ಕಾಣುತ್ತವೆ. ಪಡಿಯಚ್ಚಿನ ವಿಧಾನವೇ ಇಲ್ಲಿ ಹೊಸ ರೂಪದಲ್ಲಿ ಮುಂದುವರಿದಿದೆಯೆಂದು ಹೇಳಬಹುದು. ಪದವಿಯಿಂದ ಇತಿಹಾಸಕಾರರಲ್ಲದವರೂ ಕಟ್ಟಳೆಯನ್ನು ಪಾಲಿಸಿದರೆ ವಿದ್ವಾಂಸರಿಗೆ ಆಧಾರಸಾಮಗ್ರಿಯನ್ನು ಒದಗಿಸಬಲ್ಲರೆಂಬುದಕ್ಕೆ ಇದು ನಿದರ್ಶನ.

೫. ದೊಡ್ಡಗದ್ದವಳ್ಳಿಯ ಪಾಠ

ಈ ಕಾರ್ಯದ ಅವಶ್ಯಕತೆಯನ್ನು ಹಾಸನ ಸೀಮೆಯಲ್ಲಿಯೇ ನಡೆದ ಒಂದು ಘಟನೆಯು ತೋರಿಸುತ್ತದೆ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ವಿಷ್ಣುವರ್ಧನನ ಕಾಲದಲ್ಲಿ, ಸುಮಾರು ಕ್ರಿ. ಶ. ೧೧೧೩ರಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದರು. ನಾಲ್ಕು ಗರ್ಭಗೃಹಗಳುಳ್ಳ ಈ ಗುಡಿಯಲ್ಲಿ ಲಕ್ಷ್ಮಿಯೊಡನೆ ಕಾಳಿಗೂ ಸ್ಥಾನವಿದೆ. ೨೦೨೦ರ ನವೆಂಬರಿನಲ್ಲಿ ಆ ಕಾಳಿಯ ವಿಗ್ರಹವು ಭಗ್ನವಾಗಿರುವುದು ಕಂಡುಬಂದಿತು. ಒಂಬತ್ತು ಶತಮಾನಗಳ ಶಿಲ್ಪವೊಂದು ಹೀಗೆ ಭಗ್ನವಾದಾಗ ಮೊದಲು ಏಳುವ ಪ್ರಶ್ನೆಯೆಂದರೆ, ಅದು ಮೊದಲು ಹೇಗಿತ್ತು ಎಂಬುದು. ಭಕ್ತರೂ ಪ್ರವಾಸಿಗರೂ ತೆಗೆದ ಚಿತ್ರಗಳು ಎಷ್ಟಿದ್ದರೂ, ಎಲ್ಲವೂ ಎದುರಿನಿಂದಲೇ ತೆಗೆದವಾದರೆ ಅವುಗಳಿಂದ ಮುಖವು ತಿಳಿದೀತು, ಗಾತ್ರವು ತಿಳಿಯದು.

ಈ ಮಾತನ್ನು ಬಾಮಿಯಾನ್ ಬುದ್ಧಮೂರ್ತಿಯ ಉದಾಹರಣೆಯು ದೃಢಪಡಿಸುತ್ತದೆ. ಆಫ್ಘಾನಿಸ್ತಾನದ ಆ ಮಹಾಮೂರ್ತಿಯನ್ನು ೨೦೦೧ರಲ್ಲಿ ತಾಲಿಬಾನಿಗಳು ಸಿಡಿಸಿ ನಾಶಮಾಡಿದ ಮೇಲೆ, ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಆರ್ಮಿನ್ ಗ್ರುಯೆನ್ ಮತ್ತು ಅವರ ಸಂಗಡಿಗರು ಹಳೆಯ ಚಿತ್ರಗಳಿಂದ ಅದರ ಘನರೂಪವನ್ನು ಮತ್ತೆ ಕಟ್ಟಿದರು. ಅಂತರಜಾಲದಿಂದ ಆಯ್ದ ಚಿತ್ರಗಳು, ಪ್ರವಾಸಿಯೊಬ್ಬನ ಚಿತ್ರಗಳು, ಆಸ್ಟ್ರಿಯದ ಕೋಸ್ಟ್ಕಾ ೧೯೭೦ರಲ್ಲಿ ಅಳತೆಯ ಕ್ಯಾಮೆರಾದಿಂದ ತೆಗೆದ ಚಿತ್ರಗಳು, ಹೀಗೆ ಮೂರು ಬಗೆಯ ಆಧಾರಗಳು ಅವರಿಗೆ ದೊರೆತಿದ್ದವು. ವಸ್ತ್ರದ ಮಡಿಕೆಗಳ ಸೂಕ್ಷ್ಮವೂ ನಂಬತಕ್ಕ ಅಳತೆಯೂ ದೊರೆತದ್ದು ಕೊನೆಯದರಿಂದ. ಉಳಿದವುಗಳಿಂದ ರೂಪರೇಖೆ ಬಂದಿತು, ನಿಖರತೆ ಬರಲಿಲ್ಲ. ೨೦೧೫ರಲ್ಲಿ ಇರಾಕಿನ ಮೊಸುಲ್ ವಸ್ತುಸಂಗ್ರಹಾಲಯದ ಶಿಲ್ಪಗಳು ಒಡೆಯಲ್ಪಟ್ಟಾಗಲೂ, ಸಾರ್ವಜನಿಕರ ಚಿತ್ರಗಳನ್ನು ಸಂಗ್ರಹಿಸಿ ಪ್ರತಿರೂಪ ಕಟ್ಟುವ ‘ಪ್ರಾಜೆಕ್ಟ್ ಮೊಸುಲ್’ ಎಂಬ ಯತ್ನ ನಡೆಯಿತು. ನಾಶವಾದ ಮೇಲೆ ಚಿತ್ರ ಹುಡುಕುವುದಕ್ಕಿಂತ, ಇರುವಾಗಲೇ ಅಳತೆಗೋಲು ಹಿಡಿದು ಸುತ್ತಲೂ ಚಿತ್ರ ತೆಗೆದಿಡುವುದು ಎಷ್ಟೋ ಮೇಲೆಂಬುದು ಇವುಗಳ ಸಾರ.

೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಆದರೆ ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಇವು ಆ ಪಟ್ಟಿಯ ಹೊರಗಿವೆ. ಕೆರೆಯ ಏರಿಯ ಮೇಲೋ ಹೊಲದ ಬದುವಿನಲ್ಲೋ ಒರಗಿರುವ ವೀರಗಲ್ಲು ಮಾಸ್ತಿಕಲ್ಲುಗಳಂತೂ ಯಾವ ಪಟ್ಟಿಯ ಗೌರವವನ್ನೂ ನಿರೀಕ್ಷಿಸುವಂತಿಲ್ಲ. ಪರಿಣತರ ಸಂಖ್ಯೆ ಕಡಿಮೆ, ಕಲ್ಲುಗಳ ಸಂಖ್ಯೆ ಅಪಾರ. ಪ್ರತಿಯೊಂದು ಕಲ್ಲಿನ ಬಳಿಗೂ ಹೋಗಬಲ್ಲವನು ಆ ಊರಿನವನೇ.

೬. ಕಂಡದ್ದು ಮತ್ತು ಕಲ್ಪಿಸಿದ್ದು

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಸಾಮಾನ್ಯರ ಕೃತಿಯು ಇತಿಹಾಸವನ್ನು ಕೆಡಿಸೀತೆಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಖರವನ್ನು, ಕೆಳಗಿನ ಕಟ್ಟಡಕ್ಕೆ ಅಪಾಯವಾದೀತೆಂದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಳಿಸಲಾಯಿತು. ವಿದ್ಯಾರ್ಥಿಯೊಬ್ಬನು ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಆ ಶಿಖರವನ್ನು ಮತ್ತೆ ನಿಲ್ಲಿಸಿದನೆಂದು ಭಾವಿಸೋಣ. ಅದರ ಎತ್ತರವೆಷ್ಟು, ತಲಗಳೆಷ್ಟು, ಕಲಶವೆಂಥದು? ದೇವಾಲಯದ ಪಕ್ಕದ ಚಿಕ್ಕ ಗುಡಿಗಳ ರೂಪದಿಂದ ಊಹಿಸಿದರೆ ಅದೊಂದು ವಿದ್ವತ್ತಿನ ಊಹೆಯಾದೀತು. ಸೋಮನಾಥಪುರದ ಶಿಖರವನ್ನೇ ತಂದು ಕೂರಿಸಿದರೆ ಅದು ಬರಿಯ ಅಲಂಕಾರವಾದೀತು. ನೋಡುಗನಿಗೆ ಮಾತ್ರ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಗ್ರಂಥದಲ್ಲಿ ‘ಪ್ರಾಯಶಃ’ ಎಂದು ಬರೆಯಬಹುದು. ದೃಶ್ಯದಲ್ಲಿ ‘ಪ್ರಾಯಶಃ’ ಎಂಬುದಕ್ಕೆ ಸ್ಥಳವಿಲ್ಲ. ಈ ತೊಡಕು ಪರಿಣತರ ಕೃತಿಗಳಿಗೂ ಸಮಾನವಾಗಿ ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಈ ತೊಡಕನ್ನು ಅರಿತೇ ವಿದ್ವಾಂಸರು ೨೦೦೬ರಲ್ಲಿ ಲಂಡನ್ ಚಾರ್ಟರ್ ಎಂಬ ನಿಯಮಾವಳಿಯನ್ನು ರೂಪಿಸಿ, ೨೦೦೯ರಲ್ಲಿ ಪರಿಷ್ಕರಿಸಿದರು. ಅನಂತರ ಪುರಾತತ್ತ್ವಕ್ಕೆಂದೇ ರೂಪಿತವಾದ ಸೆವಿಲ್ ತತ್ತ್ವಗಳನ್ನು ೨೦೧೭ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಇಕೋಮೋಸ್ ಮಹಾಸಭೆಯು ಅಂಗೀಕರಿಸಿತು. ಯಾವುದು ಈಗ ಇರುವುದು, ಯಾವುದು ಆಧಾರದಿಂದ ಕಟ್ಟಿದುದು, ಯಾವುದು ಊಹೆ ಎಂಬುದು ನೋಡುಗನಿಗೆ ತಿಳಿಯುವಂತಿರಬೇಕು. ಬಳಸಿದ ಆಧಾರಗಳೂ ಮಾಡಿದ ತೀರ್ಮಾನಗಳೂ ದಾಖಲಾಗಬೇಕು ಎಂಬುದು ಇವೆರಡರ ತಿರುಳು. ಶಾಸನಪಾಠವನ್ನು ಅಚ್ಚುಹಾಕುವಾಗ ಅಳಿಸಿಹೋದ ಅಕ್ಷರಗಳನ್ನು ಕಂಸದೊಳಗೆ ಇಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ಇದೆ. ಅದೇ ಕಂಸವನ್ನು ದೃಶ್ಯಕ್ಕೂ ಹಾಕಬೇಕು. ಊಹೆಯ ಭಾಗಕ್ಕೆ ಬೇರೆ ಬಣ್ಣ ಕೊಡುವುದರಿಂದಲೋ ಅದನ್ನು ಪಾರದರ್ಶಕವಾಗಿ ತೋರಿಸುವುದರಿಂದಲೋ ಇದು ಸಾಧ್ಯ. ಇಷ್ಟನ್ನು ಪಾಲಿಸಿದ ಹಳ್ಳಿಯ ವಿದ್ಯಾರ್ಥಿಯ ಕೃತಿಯು, ಪಾಲಿಸದ ಮಹಾಸಂಸ್ಥೆಯ ಕೃತಿಗಿಂತ ಇತಿಹಾಸಕಾರನಿಗೆ ಹೆಚ್ಚು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

೭. ಸಾಧನಗಳ ಅಲ್ಪಾಯುಷ್ಯ

ಇನ್ನೊಂದು ಅಪಾಯವು ಸಾಧನಗಳಿಂದಲೇ ಒದಗುತ್ತದೆ. ಸಾಮಾನ್ಯರೂ ಶಾಲಾ ಮಕ್ಕಳೂ ಸುಲಭವಾಗಿ ವರ್ಚುವಲ್ ಪ್ರವಾಸಗಳನ್ನು ರಚಿಸಲೆಂದು ಗೂಗಲ್ ಸಂಸ್ಥೆಯು ೨೦೧೮ರಲ್ಲಿ ಟೂರ್ ಕ್ರಿಯೇಟರ್ ಎಂಬ ಸಾಧನವನ್ನು ಹೊರತಂದಿತು. ೨೦೨೧ರ ಜೂನ್ ಕೊನೆಗೆ ಅದನ್ನೂ, ಘನರೂಪಗಳ ಭಂಡಾರವಾಗಿದ್ದ ಪೋಲಿಯನ್ನೂ ಮುಚ್ಚಿತು. ಆಗ್ಮೆಂಟೆಡ್ ರಿಯಾಲಿಟಿಯ ರಚನೆಗೆ ಹೆಸರಾಗಿದ್ದ ಮೆಟಾ ಸಂಸ್ಥೆಯ ಸ್ಪಾರ್ಕ್ ೨೦೨೫ರ ಜನವರಿಯಲ್ಲಿ ಮುಚ್ಚಿತು. ದೊಡ್ಡಗದ್ದವಳ್ಳಿಯ ೧೯೧೯ರ ಗ್ರಂಥವನ್ನು ನೂರು ವರ್ಷಗಳ ಮೇಲೂ ಗ್ರಂಥಾಲಯದಲ್ಲಿ ತೆರೆದು ನೋಡಬಹುದು. ೨೦೧೮ರ ಸಾಧನದಲ್ಲಿ ರಚಿಸಿದ ಪ್ರವಾಸವನ್ನು ಮೂರು ವರ್ಷಗಳ ಮೇಲೆ ಅದರಲ್ಲಿ ತೆರೆಯುವಂತಿರಲಿಲ್ಲ. ಆದುದರಿಂದ ಸಾಧನದ ಸೌಲಭ್ಯವನ್ನು ಮಾತ್ರ ಕಲಿಸುವುದು ಸಾಲದು. ಮೂಲ ಛಾಯಾಚಿತ್ರಗಳನ್ನು ತಿದ್ದದೆ ಉಳಿಸಿಕೊಂಡವನು ನಾಳೆಯ ಸಾಧನದಿಂದ ಮತ್ತೆ ರೂಪವನ್ನು ಕಟ್ಟಬಲ್ಲನು. ದೃಶ್ಯವನ್ನು ಮಾತ್ರ ಉಳಿಸಿಕೊಂಡವನಿಗೆ ಸಾಧನದೊಡನೆ ಎಲ್ಲವೂ ಹೋಗುತ್ತದೆ.

೮. ಕಾಲೇಜುಗಳು ಮಾಡಬಹುದಾದುದು

ಮೇಲಿನ ವಿವೇಚನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಮಲ್ಲಿಪಟ್ಟಣದ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಬೇಲೂರಿನ ಮಹಾದೇವಾಲಯದಿಂದ ಆರಂಭಿಸಬೇಕಾಗಿಲ್ಲ; ತನ್ನ ಊರಿನ ಒಂದು ವೀರಗಲ್ಲಿನಿಂದ ಆರಂಭಿಸಿದರೆ ಸಾಕು. ಊರವರ ಸಮ್ಮತಿ ಪಡೆಯಬೇಕು. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಪಡೆಯಬೇಕು. ಗರ್ಭಗೃಹದ ಮರ್ಯಾದೆಯನ್ನು ಮೀರಬಾರದು. ಕಲ್ಲಿಗೆ ಸುಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಬಳಿಯಬಾರದು. ಚಿತ್ರ ತೆಗೆದ ದಿನ, ಸ್ಥಳ, ತೆಗೆದವನ ಹೆಸರು, ಕಲ್ಲಿನ ಅಳತೆ ಇವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಎಪಿಗ್ರಾಫಿಯದಲ್ಲಿ ಆ ಕಲ್ಲಿಗೆ ಸಂಖ್ಯೆಯಿದ್ದರೆ ಅದನ್ನು ನಮೂದಿಸಬೇಕು. ಮೂಲ ಚಿತ್ರಗಳ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿಯೂ ಮತ್ತೊಂದು ಬೇರೆಡೆಯಲ್ಲಿಯೂ ಇರಬೇಕು. ಓದುವ ಮತ್ತು ಕಾಲನಿರ್ಣಯ ಮಾಡುವ ಭಾರವನ್ನು ಶಾಸನಜ್ಞರು ಹೊರಲಿ.

ಊರಿನವನಿಗೆ ಇರುವ ಮತ್ತೊಂದು ಸಂಪತ್ತು ಸ್ಮರಣೆ. ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತ ಬೇಸಗೆಯಲ್ಲಿ ಏಳುತ್ತ ಶಿಥಿಲವಾಗಿ ನಿಂತಿದೆ. ಗೋಡೆಗಳ ರೂಪವನ್ನು ಕ್ಯಾಮೆರಾ ಹಿಡಿದೀತು. ಮಾಡು ಹೇಗಿತ್ತು, ಗಂಟೆ ಎಲ್ಲಿ ತೂಗುತ್ತಿತ್ತು, ಸುತ್ತಣ ಊರು ಯಾವ ಕಡೆ ಹರಡಿತ್ತು ಎಂಬುದನ್ನು ಜಲಾಶಯಕ್ಕೆ ಮೊದಲು ಅಲ್ಲಿ ಬಾಳಿದ ವೃದ್ಧರೇ ಹೇಳಬಲ್ಲರು. ಜಲಾಶಯವು ಪೂರ್ಣಗೊಂಡು (೧೯೭೯) ನಾಲ್ಕು ದಶಕಗಳು ಮೀರಿವೆ. ಅಂಥವರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ. ಅವರ ಮಾತನ್ನು ಕೇಳಿ, ಹೇಳಿದವರ ಹೆಸರಿನೊಡನೆ ದಾಖಲಿಸಿ, ದೃಶ್ಯದಲ್ಲಿ ಬೇರೆ ಬಣ್ಣದಿಂದ ಸೇರಿಸುವ ಕಾರ್ಯವನ್ನು ದೂರದ ಸಂಸ್ಥೆಗಿಂತ ಅವರ ಮೊಮ್ಮಕ್ಕಳು ಚೆನ್ನಾಗಿ ಮಾಡಬಲ್ಲರು.

೯. ಉಪಸಂಹಾರ

ಹಾಸನ ಸೀಮೆಯ ಪ್ರತಿರೂಪಗಳನ್ನು ಸುಮಾರು ನೂರಾಎಪ್ಪತ್ತು ವರ್ಷಗಳಿಂದ ಹೊರಗಿನಿಂದ ಬಂದ ಅಧಿಕಾರಿಗಳೂ ಇಲಾಖೆಯ ವಿದ್ವಾಂಸರೂ ತೆಗೆಯುತ್ತ ಬಂದಿದ್ದಾರೆ. ಅವರಿಗೆ ನಾವು ಕೃತಜ್ಞರು. ಸಾಧನವು ಈಗ ಊರಿನವನ ಜೇಬಿನಲ್ಲಿಯೇ ಇದೆ. ಅವನಿಗೆ ಕೊಡಬೇಕಾಗಿರುವುದು ಸುತ್ತಲೂ ಚಿತ್ರ ತೆಗೆಯುವ ಕ್ರಮ, ಅಳತೆಗೋಲಿನ ಅಭ್ಯಾಸ, ಕಂಡದ್ದನ್ನು ಕಲ್ಪಿಸಿದ್ದರಿಂದ ಬೇರೆಯಾಗಿ ಇಡುವ ವಿವೇಕ ಮತ್ತು ಮೂಲವನ್ನು ಕಾಪಾಡುವ ಹೊಣೆ. ಈ ನಾಲ್ಕನ್ನೂ ಒಂದು ವಾರದ ಶಿಬಿರದಲ್ಲಿ ಕಲಿಸಬಹುದು. ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಮುಂದಿನ ಬೇಸಗೆಯ ರಜೆಯೊಳಗಾಗಿ, ತಾಲ್ಲೂಕಿಗೊಂದು ಕಲ್ಲಿನಿಂದಲಾದರೂ, ಈ ಕಾರ್ಯವನ್ನು ಆರಂಭಿಸಬೇಕೆಂದು ಸೂಚಿಸುತ್ತೇವೆ.